ಸಡಿಲ ಕೀಲಿನ ಸೊಸೆ

ಮೈ ನೋಯುವವರನ್ನು ತಮಾಷೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅಳೋಣ ಅಂತ ಕೂತಾಗಲೇ ಬಂದು ಒಕ್ಕರಿಸುತ್ತದೆ.

ತೊಂಬತ್ತರ ದಶಕ. ಗುಂಡ್ಲುಪೇಟೆಯಲ್ಲಿ ಮನೆ, ಚಾಮರಾಜನಗರದಲ್ಲಿ ಟೈಪಿಸ್ಟ್ ಕೆಲಸ. ಕುತ್ತಿಗೆ, ಸೊಂಟ, ಮಂಡಿ, ಎಲ್ಲಿ ಮುಟ್ಟಿದರೂ ನೋವು. ಮನೆಯಲ್ಲಿ ಅತ್ತೆ. ಅವರು ನಮ್ಮಪ್ಪನ ಒಡಹುಟ್ಟಿದ ಅಕ್ಕ. ಅವರ ಮಗನನ್ನೇ ನಾನು ಕಟ್ಟಿಕೊಂಡಿದ್ದು.

ಸೀಟು

ಬೆಳಗಿನ ಬಸ್ಸಿನಲ್ಲಿ ಒದ್ದಾಡಿ ಸೀಟು ಹಿಡಿಯುತ್ತಿದ್ದೆ. ತೆರಕಣಾಂಬಿ ಬರುವಷ್ಟರಲ್ಲಿ ಸೊಂಟ ಹಿಡಿದು ಎದ್ದು ನಿಲ್ಲುತ್ತಿದ್ದೆ. ಯಾರೋ ಕೂರುತ್ತಿದ್ದರು. ಅಷ್ಟರಲ್ಲಿ ಮಂಡಿ ನೋವು. "ಸ್ವಲ್ಪ ಏಳ್ತೀರಾ?" ಅಂತ ಅವರನ್ನೇ ಕೇಳುತ್ತಿದ್ದೆ.

ಒಂದು ದಿನ ಕಂಡಕ್ಟರ್ ಎಲ್ಲರಿಗೂ ಕೇಳುವ ಹಾಗೆ ಅಂದ: "ಅಮ್ಮಾವ್ರು ಒಂದೇ ಟಿಕೆಟ್ನಲ್ಲಿ ಕೂತ್ಕಂಡೂ ಬತ್ತಾರೆ, ನಿಂತ್ಕಂಡೂ ಬತ್ತಾರೆ. ಇನ್ನು ಟಾಪ್ ಮ್ಯಾಲೆ ಕೂರೋದೊಂದು ಬಾಕಿ!"

ಎಕ್ಸ್‌ರೇ

ಡಾಕ್ಟರು ಎಕ್ಸ್‌ರೇ ತೆಗೆಸಿ, "ಎಲ್ಲಾ ನಾರ್ಮಲ್. ಸುಮ್ನೆ ಯೋಚ್ನೆ ಮಾಡ್ಬೇಡಿ" ಅಂದುಬಿಟ್ಟರು. ಹಾಗಾದರೆ ನಾನೇ ಸುಳ್ಳುಗಾರ್ತಿಯೇ ಅಂತ ದಾರಿಯುದ್ದಕ್ಕೂ ಸಂಕಟ.

ಮನೆಗೆ ಬಂದಾಗ ಅತ್ತೆ ಆ ಎಕ್ಸ್‌ರೇಯನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು. "ಮೊಕನೇ ಇಲ್ವಲ್ಲಮ್ಮಿ ಈ ಪೋಟೋದಲ್ಲಿ! ನೋವು ಎಂಗ್ ಕಂಡಾತು?"

ಗಾಳಿ

ಬರಬರುತ್ತಾ ಊಟ ಸೇರಲಿಲ್ಲ, ಮಾತು ಬೇಡವಾಯಿತು. ಟೈಪ್‌ರೈಟರ್ ಮುಂದೆ ಕೂತರೆ ಕಾರಣವಿಲ್ಲದೆ ಕಣ್ಣಲ್ಲಿ ನೀರು. ಗಾಳಿ ಸೋಕಿದೆ ಅಂತ ಅಕ್ಕಪಕ್ಕದವರು ತೀರ್ಮಾನಿಸಿದರು. ಅತ್ತೆ ಒಬ್ಬ ಮಂತ್ರವಾದಿಯ ಹತ್ತಿರ ಕರೆದೊಯ್ದರು.

"ಯಾರೇ ನೀನು? ಬಾಯ್ಬುಡು!" ಅನ್ನುತ್ತಾ ಅವನು ನನ್ನ ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿದ. ಅವು ಬಗ್ಗಿದವು. ಇನ್ನೂ ಬಗ್ಗಿಸಿದ, ಇನ್ನೂ ಬಗ್ಗಿದವು. ನಾನು ಸುಮ್ಮನೆ ಅವನನ್ನೇ ನೋಡುತ್ತಾ ಕೂತಿದ್ದೆ.

ಅವನು ಬೆವೆತು ಕೈಬಿಟ್ಟ. "ಇದು ನನ್ ಕೈಲಾಗಕಿಲ್ಲ ಕಣವ್ವ. ಆಸ್ಪತ್ರೆಗೇ ಓಗಿ."

ನಾರು

ಚಾಮರಾಜನಗರಕ್ಕೆ ಆಗ ಹೊಸದಾಗಿ ಒಬ್ಬರು ಲೇಡಿ ಡಾಕ್ಟರ್ ಬಂದಿದ್ದರು. ಅತ್ತೆಯ ಜೊತೆ ಹೋದೆ. ಡಾಕ್ಟರು ನನ್ನ ಮೊಣಕೈ, ಮಂಡಿ, ಹೆಬ್ಬೆರಳು ಎಲ್ಲಾ ಬಗ್ಗಿಸಿ ನೋಡಿದರು.

"ಕೀಲುಗಳನ್ನ ಬಿಗಿಯಾಗಿ ಕಟ್ಟಿ ಹಿಡಿಯೋ ನಾರು ನಿಮಗೆ ಹುಟ್ಟಿನಿಂದಲೇ ಸಡಿಲ. ಆ ಕೆಲಸಾನೂ ಮಾಂಸಖಂಡಗಳೇ ಮಾಡ್ಬೇಕು, ಅದಕ್ಕೇ ನೋವು. ಇಂಥವರಿಗೆ ಮನಸ್ಸೂ ಬೇಗ ಕುಗ್ಗುತ್ತೆ. ಎರಡೂ ನಿಜವಾದ ಕಾಯಿಲೆನೇ, ನೀವು ಕಟ್ಟಿದ ಕಥೆಯಲ್ಲ."

ಇಷ್ಟು ವರ್ಷಕ್ಕೆ ಒಬ್ಬರು ನಂಬಿದರಲ್ಲ ಅಂತ ಅಲ್ಲೇ ಅತ್ತುಬಿಟ್ಟೆ. ಅವರು ಕೊಟ್ಟ ಮಾತ್ರೆ, ಹೇಳಿಕೊಟ್ಟ ವ್ಯಾಯಾಮದಿಂದ ಮುಂದೆ ಎಷ್ಟೋ ಸುಧಾರಿಸಿದೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ಊಟ ರುಚಿಸತೊಡಗಿತು.

ಅವತ್ತು ನನ್ನ ಅಳು ನಿಂತ ಮೇಲೆ ಡಾಕ್ಟರು, "ಇದು ವಂಶದಲ್ಲಿ ಬರುತ್ತೆ. ನಿಮ್ಮ ತಂದೆ ಕಡೆ ಯಾರಿಗಾದ್ರೂ ಹೆಬ್ಬೆರಳು ಹೀಗೆ ಬಗ್ಗುತ್ತಾ?" ಅಂತ ಕೇಳಿದರು.

ಪಕ್ಕದಲ್ಲಿದ್ದ ಅತ್ತೆ ತಮ್ಮ ಹೆಬ್ಬೆರಳನ್ನು ಮಡಿಸಿ ಮುಂಗೈಗೆ ತಾಗಿಸಿದರು. "ಇಂಗಾ? ಎಲ್ರಿಗೂ ಬಗ್ಗಕಿಲ್ವಾ?"

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನಿಮಗೂ ಮೈಕೈ ನೋವಿದೆಯಾ ಅಮ್ಮ?"

"ಮದ್ವೆ ಆದಾಗ್ನಿಂದ್ಲೂ ಅದೆ. ಅಳೂನೂ ಬತ್ತಿತ್ತು. ಯಾರ್ಗೂ ಯೋಳ್ನಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಅತ್ತೆ ಇದ್ದಕ್ಕಿದ್ದ ಹಾಗೆ ತಲೆ ಚಚ್ಚಿಕೊಂಡರು.

"ಅಯ್ಯೋ ಶಿವನೇ! ಎಲ್ಲಾ ನಮ್ಮತ್ತೆ ಕಾಟಕ್ಕೆ ಬಂದುದ್ದು ಅಂತ ಆ ಮುದ್ಕಿನ ಸಾಯೋಗಂಟ ಬಯ್ಕಂಡ್ನಲ್ಲಾ!"