ಬೆಂಕಿ ಬಾಗಿಲಿಗೆ ಕಟ್ಟಿದ ತೋರಣ

ಬಾಗಿಲು ಸುಡುವುದು ನನ್ನ ಉದ್ಯೋಗ. ಈ ಮಾತನ್ನು ಮೊದಲೇ ಹೇಳಿದ್ದರೆ ಉಡುಪಿ ಕಡೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಆದ್ದರಿಂದ ಮದುವೆಯಾದ ಮೇಲೆ ಹೇಳಿದೆ.

ವಡೋದರಾದ ಗೋರ್ವಾದಲ್ಲಿ ನಮ್ಮ ಪ್ರಯೋಗಾಲಯವಿದೆ. ಕಾರ್ಖಾನೆಯವರು ತಾವು ಮಾಡಿದ ಬಾಗಿಲನ್ನೋ ಗೋಡೆಯನ್ನೋ ತಂದುಕೊಡುತ್ತಾರೆ. ನಾವು ಅದನ್ನು ದೊಡ್ಡ ಕುಲುಮೆಯ ಬಾಯಿಗೆ ಕೂರಿಸಿ, ಒಳಗೆ ಬೆಂಕಿ ಹಚ್ಚಿ, ಹೊರಗೆ ನಿಂತು ನೋಡುತ್ತೇವೆ. ಬೆಂಕಿಯನ್ನು ಎಷ್ಟು ನಿಮಿಷ ತಡೆಯಿತೋ ಅದಕ್ಕೆ ತಕ್ಕ ದರ್ಜೆ. ನಾವು ಮಾಡುವುದು ಯುರೋಪಿನ ದೇಶಗಳೆಲ್ಲ ಕೂತು ಮಾತಾಡಿ ಒಪ್ಪಿಕೊಂಡ ಒಂದೇ ಪರೀಕ್ಷೆ, ಕೊಡುವುದು ಒಂದೇ ದರ್ಜೆ! ನಮ್ಮ ಅಪಾರ್ಟ್‌ಮೆಂಟಿನವರು ಲಿಫ್ಟಿನ ಫ್ಯಾನ್ ಹಾಕಬೇಕೋ ಬೇಡವೋ ಎನ್ನುವುದನ್ನೇ ಇನ್ನೂ ಒಪ್ಪಿಕೊಂಡಿಲ್ಲ.

ಇಂಥ ಕಟ್ಟುನಿಟ್ಟಿನ ಕೆಲಸದಲ್ಲಿ ನನ್ನಿಂದ ತಪ್ಪಾಗುವುದು ಸಾಧ್ಯವೇ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೆ.

ಆ ದಿನ ಬಂದದ್ದು ಅಹಮದಾಬಾದಿನ ಜಿಗ್ನೇಶ್‌ಭಾಯ್ ಅವರ ಮರದ ಬಾಗಿಲು. ಸಣ್ಣ ಕಾರ್ಖಾನೆ, ಯುರೋಪಿನಿಂದ ಬಂದ ಮೊದಲ ಆರ್ಡರು. ಅರವತ್ತು ನಿಮಿಷದ ದರ್ಜೆ ಸಿಕ್ಕಿದರೆ ಮಾತ್ರ ಮಾಲು ಹಡಗು ಹತ್ತುತ್ತದೆ.

"ಇದು ಕೈತಪ್ಪಿದರೆ ಕಾರ್ಖಾನೆಗೆ ಬೀಗ ಹಾಕಬೇಕು, ಸಾಹೇಬ್" ಎಂದು ಹೇಳಿ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದರು. ಒಳಗೆ ಕಸೂತಿಯ ತೋರಣ. ಚಿಕ್ಕ ಚಿಕ್ಕ ಕನ್ನಡಿ, ಕೆಳಗೆ ಹತ್ತಿಯ ಕುಚ್ಚು. "ಬಾ ಕೊಟ್ಟು ಕಳಿಸಿದ್ದಾರೆ. ಹೊಸ ಬಾಗಿಲು ಬೋಳಾಗಿರಬಾರದಂತೆ. ಕಟ್ಟಬಹುದಾ?"

ಬಾ ಎಂದರೆ ಅವರ ಅಮ್ಮ. ಅಮ್ಮನ ಮಾತಿಗೆ ಇಲ್ಲ ಎನ್ನಲು ನಾನೇನು ಕಲ್ಲೇ? ನಮ್ಮ ಕಡೆಯೂ ತೋರಣವಿಲ್ಲದೆ ಹೊಸ ಬಾಗಿಲು ದಾಟುವುದುಂಟೇ? ಮುಖ್ಯಸ್ಥೆ ಹೇಮಾಬೆನ್ ಇದ್ದಿದ್ದರೆ ಗದರುತ್ತಿದ್ದರು. ಅವರು ಬೆಳಗ್ಗೆಯೇ ಕೆಲಸದ ಮೇಲೆ ಹಜೀರಾಕ್ಕೆ ಹೋಗಿದ್ದರು. ನಾನೇ ಏಣಿ ಹತ್ತಿ ಕಟ್ಟಿದೆ. ಕುಂಕುಮ ಇಟ್ಟೆ. ಫೋಟೋ ತೆಗೆದು ಹೆಂಡತಿ ಸುಮನಾಗೆ ಕಳಿಸಿದೆ.

ತಕ್ಷಣ ಫೋನ್ ಬಂತು. "ಬೆಂಕಿ ಹತ್ರ ಬಟ್ಟೆ ಕಟ್ಟುದು ಎಂತಕ್ಕೆ ಮಾರಾಯ್ರೆ? ನಾನು ಗ್ಯಾಸಿನ ಪಕ್ಕ ಒಂದು ಒರೆಸು ಬಟ್ಟೆ ಇಟ್ರೆ ನೀವೇ ಬೊಬ್ಬೆ ಹಾಕ್ತೀರಲ್ಲ!"

"ಬೆಂಕಿ ಆಚೆ ಬದಿಗೆ ಮಾರಾಯ್ತಿ. ಇದು ತಣ್ಣಗಿನ ಬದಿ. ವಿಜ್ಞಾನ, ನಿಂಗೆ ಅರ್ಥ ಆಗುದಿಲ್ಲ."

"ಹಾಂ, ಆಯ್ತು" ಎಂದು ಫೋನಿಟ್ಟಳು. ಅವಳು ಇಷ್ಟು ಬೇಗ ಒಪ್ಪಿಕೊಂಡಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

"ತೋರಣ ಈಗ ತೆಗೆಯೋಣವೇ?" ಎಂದು ಜಿಗ್ನೇಶ್‌ಭಾಯ್ ಕೇಳಿದರು ಕೂಡ. "ಇರಲಿ ಬಿಡಿ, ಬಾ ಅವರ ಆಶೀರ್ವಾದ" ಎಂದು ದೊಡ್ಡ ಮನಸ್ಸು ಮಾಡಿ ಕುಲುಮೆ ಹಚ್ಚಿಸಿದೆ.

ಬಾಗಿಲು ಚಿನ್ನದಂಥದ್ದು. ಅರ್ಧ ಗಂಟೆ ಕಳೆದರೂ ಮುಟ್ಟಿದರೆ ಬೆಚ್ಚಗಷ್ಟೇ ಇದ್ದೀತು. ಯಾರೋ ಮಸಾಲೆ ಮಜ್ಜಿಗೆ ತಂದುಕೊಟ್ಟರು. ಜಿಗ್ನೇಶ್‌ಭಾಯ್ ನಗತೊಡಗಿದರು. ಐವತ್ತು ನಿಮಿಷವಾಯಿತು. ಬಾಗಿಲ ಮೇಲಿನ ಸಂದಿಯಿಂದ ಸ್ವಲ್ಪ ಬಿಸಿಗಾಳಿ ಸೂಸುವುದು ಸಹಜ. ಅದಕ್ಕೆ ನಿಯಮದ ಒಪ್ಪಿಗೆಯೂ ಇದೆ. ಆದರೆ ಆ ಸಂದಿಯ ಎದುರಿಗೇ ಒಣ ಹತ್ತಿಯ ಕುಚ್ಚು ನೇತಾಡುತ್ತಿರುವುದು ಸಹಜವಲ್ಲ.

ಮೊದಲು ಕುಚ್ಚು ಕಂದಿತು. ಆಮೇಲೆ ಹೊಗೆ. ಆಮೇಲೆ ಭಗ್!

ಈಚೆ ಬದಿಯಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಜ್ವಾಲೆ ನಿಂತರೆ ಬಾಗಿಲು ಸೋತಂತೆ. ಪರೀಕ್ಷೆಗೆ ನಿಂತ ಬಾಗಿಲನ್ನು ನಡುವೆ ಯಾರೂ ಮುಟ್ಟುವಂತಿಲ್ಲ. ಸ್ಟಾಪ್‌ವಾಚ್ ಹಿಡಿದು ಎಣಿಸಬೇಕಾದವನು ನಾನೇ. ಎಣಿಸಿದೆ. ನಡುವೆ ತಡೆಯಲಾಗದೆ ಏಣಿ ಹತ್ತಿ ಉಫ್ ಎಂದು ಊದಿದೆ. ಉರಿ ಇನ್ನಷ್ಟು ಖುಷಿಯಾಯಿತು.

"ಸಾಹೇಬ್, ಏನಾದರೂ ಮಾಡಿ!" ಎಂದು ಜಿಗ್ನೇಶ್‌ಭಾಯ್ ಕೂಗಿದರು.

ಮಾಡಿದೆ. ಕೆಳಗಿಳಿದು ಕೈಗೆ ಸಿಕ್ಕ ಮಜ್ಜಿಗೆಯ ಲೋಟವನ್ನು ಎತ್ತಿ ಎರಚಿದೆ. ಗುರಿ ತಪ್ಪಿತು. ಮಜ್ಜಿಗೆ ಬಾಗಿಲಿನ ಮೇಲೆ ಇಳಿದು, ಶಾಖ ಅಳೆಯಲು ಅಂಟಿಸಿದ್ದ ತಂತಿಗಳು ಒಂದೊಂದಾಗಿ ಉದುರಿದವು. ಪ್ರಯೋಗಾಲಯದ ತುಂಬ ಜೀರಿಗೆ ಒಗ್ಗರಣೆಯ ಘಮ. ತೋರಣ ಮಾತ್ರ ಸಾವಕಾಶವಾಗಿ, ಪೂರ್ತಿಯಾಗಿ ಉರಿಯಿತು.

ಸಂಜೆ ಹೇಮಾಬೆನ್ ನನ್ನ ವರದಿಯನ್ನು ಗಟ್ಟಿಯಾಗಿ ಓದಿದರು. "ಐವತ್ತೊಂದನೆಯ ನಿಮಿಷದಲ್ಲಿ ತಣ್ಣಗಿನ ಬದಿಗೆ ಅಂದಾಜು ಒಂದು ಲೋಟ ಮಜ್ಜಿಗೆಯನ್ನು ಲೇಪಿಸಲಾಯಿತು." ಕನ್ನಡಕ ತೆಗೆದರು. "ಲೇಪಿಸಲಾಯಿತು?"

"ಎರಚಲಾಯಿತು, ಮೇಡಂ."

"ಅರವತ್ತು ಇಲ್ಲ. ಅದಕ್ಕಿಂತ ಕೆಳಗಿನ ದರ್ಜೆ ನಲವತ್ತೈದು. ಅದೂ ಈ ತೋರಣ ಕಟ್ಟಿದ ಬಾಗಿಲಿಗೆ ಮಾತ್ರ. ಪರೀಕ್ಷೆಗೆ ನಿಂತದ್ದು ಹೇಗಿತ್ತೋ ಮಾರುವುದೂ ಹಾಗೆಯೇ ಇರಬೇಕಲ್ಲ? ಯುರೋಪಿನ ಪ್ರತಿ ಬಾಗಿಲಿಗೂ ಇವರ ಬಾ ಕೂತು ಕಸೂತಿ ಹಾಕುತ್ತಾರೆಯೇ?"

ಜಿಗ್ನೇಶ್‌ಭಾಯ್ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು, ಅವರು ಬೈಯಲಿಲ್ಲ. "ಬಾಗಿಲು ಚೆನ್ನಾಗಿತ್ತು ಅಲ್ಲವೇ, ಸಾಹೇಬ್?" ಎಂದಷ್ಟೇ ಕೇಳಿದರು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಆ ರಾತ್ರಿ ಊಟ ಸೇರಲಿಲ್ಲ. ಸುಮನಾ ಎಲ್ಲವನ್ನೂ ಕೇಳಿ, "ವಿಜ್ಞಾನ ಅಲ್ವಾ, ನಂಗೆ ಅರ್ಥ ಆಗುದಿಲ್ಲ" ಎಂದು ಅನ್ನದ ತಟ್ಟೆ ಎತ್ತಿಕೊಂಡು ಹೋದಳು.

ತಪ್ಪು ನಮ್ಮದೇ ಎಂದು ಹೇಮಾಬೆನ್ ವಿದೇಶದವರಿಗೆ ಬರೆದರು. ಪುಣ್ಯಾತ್ಮರು ಇನ್ನೊಂದು ಅವಕಾಶ ಕೊಟ್ಟರು. ಜಿಗ್ನೇಶ್‌ಭಾಯ್ ಮತ್ತೊಂದು ಬಾಗಿಲು ಮಾಡಿದರು. ಮರುಪರೀಕ್ಷೆಗೆ ಅವರು ಬಹಳ ಸಂಕೋಚದಿಂದ ಒಂದೇ ಒಂದು ಷರತ್ತು ಹಾಕಿದರಂತೆ: ಆ ದಿನ ನಾನು ರಜೆಯಲ್ಲಿರಬೇಕು. ನಾನು ಅರ್ಜಿ ಹಾಕದೆಯೇ ಮಂಜೂರಾದ ಮೊದಲ ರಜೆ ಅದು!

ಬಾಗಿಲು ಅರವತ್ತು ದಾಟಿಯೂ ಅಲುಗಲಿಲ್ಲವಂತೆ. ಮಧ್ಯಾಹ್ನ ಜಿಗ್ನೇಶ್‌ಭಾಯ್ ಫೋನ್ ಮಾಡಿದರು. "ಕಾರ್ಖಾನೆ ಉಳಿಯಿತು, ಸಾಹೇಬ್. ನಿಮ್ಮ ಉಪಕಾರ ಯಾವತ್ತೂ ಮರೆಯುವುದಿಲ್ಲ!"

ಅವರು ಮನಸಾರೆ ಹೇಳಿದ ಮಾತದು. ನಾನು ಮಾಡಿದ ಉಪಕಾರವೆಂದರೆ, ಬೆಳಗ್ಗಿನಿಂದ ಮನೆಯಲ್ಲಿ ಹೊದ್ದು ಮಲಗಿದ್ದು.