ಅಚ್ಚಿನಲ್ಲಿ ಚಹಾ ಕುಡಿದವರು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಚಹಾ ಕುಡಿಯುವವರು ಲಕ್ಷಗಟ್ಟಲೆ ಇದ್ದಾರೆ. ಆದರೆ ಚಹಾ ಓದುವವರು ಒಬ್ಬರೇ, ನನ್ನ ಸೋದರಮಾವ! ನಂಬುವುದಿಲ್ಲವೇ? ಕಲ್ಯಾಣದಿಂದ ಫಾಸ್ಟ್ ಲೋಕಲ್ ಹಿಡಿದರೆ ಮುಂದಿನ ಸ್ಟೇಷನ್ನೇ, ಬಂದು ನೋಡಿ.

ಧಾರವಾಡ ಬಿಟ್ಟು ಬಂದು, ಆಫೀಸಿನಲ್ಲಿ ದುಡಿದು, ನಿವೃತ್ತರಾದ ಮೇಲೆ ಮಾಮಾ ಹಚ್ಚಿಕೊಂಡ ಹುಚ್ಚಿದು. ಇಲ್ಲಿಯ ಕನ್ನಡ ಸಂಘದ ವಾಚನಾಲಯದಲ್ಲಿ ಯಾರೂ ಮುಟ್ಟದ ಹಳೆಯ ಪತ್ರಿಕೆಗಳ ಕಟ್ಟುಗಳಿದ್ದವು. ಅವುಗಳಲ್ಲಿ ‘ಚಹಾ’ ಎಂಬ ಶಬ್ದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕುವುದೇ ಇವರ ಕೆಲಸ. ಯುದ್ಧದ ಸುದ್ದಿ ಬೇಡ, ಸಂಪಾದಕೀಯ ಬೇಡ. ಚಹಾ ಸಿಕ್ಕಿತೋ, ಧೂಳಿಗೆ ಸೀನುತ್ತಲೇ ಕುಣಿಯುತ್ತಾರೆ.

“ಕೇಳವಾ,” ಎಂದು ನನ್ನನ್ನು ಹಿಡಿದು ಕೂರಿಸುತ್ತಾರೆ. “ಮೊದಲ ಚಹಾ ಅಂದ್ರ ಕೆಟ್ಟ ಚಟಾ ಅಂತಿದ್ರು. ಸೆರೆ-ಸಿಂದಿ ಜೋಡಿ ಸೇರಿಸಿ ಬೈತಿದ್ರು. ಆಮ್ಯಾಲ ಚಹಾಪುಡಿ ಜಾಹೀರಾತು ಶುರು ಆತು ನೋಡು. ಎಲ್ಲಿ? ಬೈದ ಪುಟದ ಬೆನ್ನಿಗೇ!”

ಇಷ್ಟು ಹೇಳಿ ಅಡುಗೆಮನೆಯ ಕಡೆ, “ಏನ, ಒಂದು ಚಹಾ ತಾ!” ಎಂದು ಕೂಗುತ್ತಾರೆ. ಮಾಮಿ ತಂದಿಡುತ್ತಾರೆ. ಮಾಮಾ ಕುರ್ಚಿಯಿಂದ ಏಳುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ. ಒಮ್ಮೆ ಆಗಲೇ ಖಾಲಿಯಾಗಿದ್ದ ಕಪ್ಪನ್ನು ತುಟಿಗೆ ಹಚ್ಚಿ, “ಛಲೋ ಆಗೇದ” ಎಂದರು!

ಪಕ್ಕದ ಠಾಣೆ ಊರಿನ ಹೋಟೆಲೊಂದರಲ್ಲಿ ಗಲ್ಲಾದ ಮೇಲಿದ್ದ ಕರಾವಳಿಯ ಶೆಟ್ಟರನ್ನೂ ಇವರು ಬಿಡಲಿಲ್ಲ. “ನಿಮ್ಮ ಕಡೆ ಪೇಪರಿನಾಗ ಹಿಂದ ಚಹಾದ ಬಗ್ಗೆ ಏನಂತ ಬರೀತಿದ್ರು?” ಎಂದು ವಿಚಾರಣೆ ಶುರುವಾಯಿತು. ಹಿಂದೆ ಜನ ಕಾಯುತ್ತಿದ್ದಾರೆ.

“ಮಾರಾಯ್ರೆ, ನಾನು ಚಾ ಮಾರಿದ್ದು ಮಾತ್ರ, ಓದ್ಲಿಲ್ಲ,” ಎಂದರು ಶೆಟ್ಟರು. “ಸ್ವಲ್ಪ ಈಚೆ ನಿಲ್ಲಿ, ಲೈನ್ ಉಂಟು!”

ಹೀಗೆ ನಗುತ್ತಲೇ ಇದ್ದೆವು. ಅಷ್ಟರಲ್ಲಿ ವಾಚನಾಲಯದ ಕಟ್ಟಡ ಕೆಡವಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಯಿತು. ಬಾಡಿಗೆಯ ಹೊಸ ಕೋಣೆಯಲ್ಲಿ ಕುರ್ಚಿಗಳಿಗೇ ಜಾಗ ಸಾಲದು, ಇನ್ನು ಹಳೆಯ ಕಟ್ಟುಗಳಿಗೆಲ್ಲಿ? ಭಾನುವಾರ ಅವನ್ನೆಲ್ಲ ರದ್ದಿಗೆ ಹಾಕುವುದೆಂದು ತೀರ್ಮಾನವಾಯಿತು. ಮಾಮಾ ಬೇಡಿಕೊಂಡರು, ಜಗಳವನ್ನೂ ಆಡಿದರು. ಉಪಯೋಗವಾಗಲಿಲ್ಲ.

ಆ ಭಾನುವಾರ ಮಾಮಿ ಫೋನು ಮಾಡಿದರು. “ಮುಂಜಾನೆ ಹೋದಾವರು ಊಟಕ್ಕೂ ಬಂದಿಲ್ಲ. ನೀನರೆ ಹೋಗಿ ಕರ್ಕೊಂಡ ಬಾರವಾ.”

ಹಳೆಯ ವಾಚನಾಲಯಕ್ಕೆ ಹೋಗಿ ನೋಡಿದರೆ ಮಾಮಾ ನೆಲದ ಮೇಲೆ ಕೂತು ಗಡಿಬಿಡಿಯಿಂದ ಪುಟ ತಿರುವುತ್ತಿದ್ದಾರೆ. ಹೊರಗೆ ಟೆಂಪೊ ನಿಂತಿದೆ.

“ಮಾಮಾ, ನಿಮ್ಮ ಚಹಾ ಬೇಕಾದಷ್ಟು ಸಿಕ್ಕೇದಲ್ಲ? ಮತ್ತೇನ ಹುಡುಕ್ಲಿಕತ್ತೀರಿ?”

“ಎಲ್ಲಾರೂ ಕುಡದಾರವಾ. ಬೀಗರು, ಗುಮಾಸ್ತರು, ಪತ್ತೇದಾರಿ ಕತ್ಯಾಗಿನ ಕಳ್ಳಾ ಸೈತ ಕುಡದಾನ. ಹೆಣ್ಣು ನೋಡ್ಲಿಕ್ಕೆ ಬಂದಾವರಂತೂ ಕುಡದಽ ಎದ್ದಾರ. ಆದ್ರ ಮಾಡಿ ಕೊಟ್ಟಾಕಿ ಕೂತು ಕುಡದದ್ದು ನನಗ ಎಲ್ಲೂ ಸಿಗವಲ್ದು. ಒಂದರೆ ಸಿಗ್ಲಿ ಅಂತ ನೋಡ್ಲಿಕತ್ತೀನಿ.”

ನಾನೂ ಪಕ್ಕದಲ್ಲಿ ಕೂತು ಹುಡುಕಿದೆ. ಸಿಗಲಿಲ್ಲ. ಟೆಂಪೊದವ ಬಂದು ಕೈಯಲ್ಲಿದ್ದ ಕಟ್ಟನ್ನೂ ಎತ್ತಿಕೊಂಡು ಹೋದ. 

ಮನೆಗೆ ಬಂದ ಮಾಮಾ ಕುರ್ಚಿಯಲ್ಲಿ ಕೂರಲಿಲ್ಲ, ಸೀದಾ ಅಡುಗೆಮನೆಗೆ ನುಗ್ಗಿದರು! ಗ್ಯಾಸು ಯಾವ ಕಡೆ ತಿರುವಿದರೆ ಹೊತ್ತುತ್ತದೆಂದು ಗೊತ್ತಿಲ್ಲದ ಮನುಷ್ಯ!

“ಅಯ್ಯ, ಏನ ಬೇಕ್ರಿ? ಅದು ಸಾಸ್ವಿ ಡಬ್ಬಿ!” ಎಂದು ಮಾಮಿ ಓಡಿದರು.

“ನೀ ಹೋಗಿ ಅಲ್ಲಿ ಕೂಡು,” ಎಂದು ಮಾಮಾ ತಮ್ಮ ಕುರ್ಚಿಯನ್ನು ತೋರಿಸಿದರು.

ಮಾಮಿ ಹೆದರಿ ಕೂತರು. ಒಳಗೆ ಹಾಲು ಉಕ್ಕಿದ ವಾಸನೆ, ಪಾತ್ರೆ ಬಿದ್ದ ಸದ್ದು. ಕೊನೆಗೆ ಮಾಮಾ ಎರಡೂ ಕೈಯಲ್ಲಿ ಒಂದೇ ಕಪ್ಪು ಹಿಡಿದು, ತುಳುಕಿಸುತ್ತ ಬಂದರು.

“ಹ್ಯಾಂಗ ಆಗೇದ?”

ಮಾಮಿ ಒಂದು ಗುಟುಕು ಕುಡಿದು, “ಅಗದೀ ಕಷಾಯ” ಎಂದರು. ಆದರೆ ಕಪ್ಪು ಕೆಳಗಿಡಲಿಲ್ಲ. ನಿಧಾನವಾಗಿ, ಚರಟ ಕಾಣುವ ತನಕ ಕುಡಿದರು. ಹುಡುಕುತ್ತಿದ್ದ ಪುಟವೇ ಸಿಕ್ಕಿತೇನೋ ಎಂಬಂತೆ ಮಾಮಾ ಎದುರಿಗೆ ನಿಂತು ನೋಡುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.

ಸಂಪಾದಕರೇ, ಜಾಗ ಸಾಲದಿದ್ದರೆ ಮೇಲಿನದನ್ನೆಲ್ಲ ಕತ್ತರಿಸಿ, ನನಗೆ ಬೇಸರವಿಲ್ಲ. ಈ ಒಂದು ಸಾಲನ್ನು ಮಾತ್ರ ಅಚ್ಚು ಹಾಕಿ, ಮುಂದೆ ಯಾರಾದರೂ ಹುಡುಕಿದರೆ ಸಿಗಲಿ: ಡೊಂಬಿವಲಿಯಲ್ಲಿ ಒಂದು ಭಾನುವಾರ ನನ್ನ ಮಾಮಿ ಕೂತು ಚಹಾ ಕುಡಿದರು.