ನೆಲ ಮುಟ್ಟದ ಬೂಟು

ಇಡೀ ಪುಣೆಯಲ್ಲಿ ಬೂಟನ್ನು ಕೊರಳಿಗೆ ಹಾಕಿಕೊಂಡು ಬರಿಗಾಲಲ್ಲಿ ನಡೆಯುವ ಮನುಷ್ಯ ಒಬ್ಬನೇ. ನನ್ನ ದುರ್ದೈವಕ್ಕೆ ಅವನು ನಮ್ಮ ಕಾಕಾ, ಅಪ್ಪನ ಸ್ವಂತ ತಮ್ಮ. ನಮ್ಮಿಬ್ಬರ ಮೂಗೂ ಒಂದೇ ಅಚ್ಚಿನಲ್ಲಿ ತೆಗೆದಂತಿರುವುದರಿಂದ, ಧನಕವಡಿಯ ಬೀದಿಯಲ್ಲಿ ಅವನ ಹಿಂದೆ ಹೋಗುವಾಗ 'ಯಾರೋ ನನಗೆ ಗೊತ್ತಿಲ್ಲ' ಅನ್ನುವ ಹಾಗೂ ಇಲ್ಲ.

ವಾರವಿಡೀ ಕಾಕಾ ಬಹಳ ಸಭ್ಯ. ಕುರಕುಂಭದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಕಂಪನಿ ಬಸ್ಸು ಹತ್ತಿ ಹೋಗುತ್ತಾನೆ, ಬಸ್ಸಿಳಿದು ಬರುತ್ತಾನೆ, ರೊಟ್ಟಿ ತಿಂದು ಮಲಗುತ್ತಾನೆ. ರವಿವಾರ ಬಂತೋ, ಮೈಮೇಲೆ ಏನೋ ಬಂದಂತಾಗಿ, ದಪ್ಪ ಟೈರಿನ ಗುಡ್ಡದ ಸೈಕಲ್ಲು ತೆಗೆದುಕೊಂಡು ಕಾತ್ರಜ್ ಕಡೆ ಹೊರಟುಬಿಡುತ್ತಾನೆ.

ಮೊದಲೆಲ್ಲ ಚಪ್ಪಲಿ ಹಾಕಿಕೊಂಡೇ ಹೋಗುತ್ತಿದ್ದ. ಆದರೆ ಆ ಸೈಕಲ್ಲಿನ ಪೆಡಲ್ಲು ನಿಮ್ಮ ನಮ್ಮ ಪೆಡಲ್ಲಿನಂತಲ್ಲ. ಮೈತುಂಬ ಮೊಳೆಯಂಥ ಹಲ್ಲು. ಕಲ್ಲಿನ ಮೇಲೆ ಸೈಕಲ್ಲು ಕುಣಿದಾಗ ಚಪ್ಪಲಿ ಜಾರುತ್ತದೆ, ಪೆಡಲ್ಲು ಗಿರ್ರನೆ ತಿರುಗಿ ಮೊಣಕಾಲ ಕೆಳಗೆ ಕಚ್ಚುತ್ತದೆ. ಕಾಕಾನ ಕಾಲು ನೋಡಿದರೆ ಯಾರೋ ಅದರ ಮೇಲೆ ದಿನಾ ಕೊಬ್ಬರಿ ತುರಿಯುತ್ತಾರೇನೋ ಅನ್ನಿಸುತ್ತಿತ್ತು.

ಕಾಲು ತುರಿದದ್ದು ಹೋಗಲಿ, ಮರ್ಯಾದೆಯೂ ತುರಿದುಹೋಗುತ್ತಿತ್ತು. ಭೋರ್ ಹತ್ತಿರ ಒಂದು ಗುಡ್ಡವಿದೆ. ಪ್ರತಿ ಚಳಿಗಾಲ ಕಾಕಾನ ಸೈಕಲ್ಲಿನ ಗೆಳೆಯರು, ಎಲ್ಲ ಕಾಲೇಜು ಹುಡುಗರೇ, ಅದರ ತುದಿಗೆ ಹೋಗಿ ಅಲ್ಲಿಂದ ಇಳಿಯುತ್ತಾರೆ. ಅರ್ಧ ದಾರಿಗೆ ಒಂದು ಬೇವಿನ ಮರ. ಅಲ್ಲಿಂದ ಕೆಳಗೆ ಬರೀ ಕಲ್ಲು. ಆ ಮರ ಬಂತೆಂದರೆ ಕಾಕಾನ ಕಾಲು ಜಾರಿತೆಂದೇ ಲೆಕ್ಕ. ಅಲ್ಲಿ ಇಳಿದು, ಮದುವೆಯ ಕುದುರೆ ಹಿಡಿದುಕೊಂಡು ಬರುವವನ ಹಾಗೆ ಸೈಕಲ್ಲು ಹಿಡಿದು ನಡೆದು ಬರುತ್ತಿದ್ದ. ಕೆಳಗೆ ಹುಡುಗರು ಚಹಾ ಕುಡಿಯುತ್ತ "ಆಲೇ ಆಲೇ, ಕಾಕಾ ಚಾಲತ್ ಆಲೇ" ಎಂದು ಮರಾಠಿಯಲ್ಲಿ ಹಾಡುತ್ತಿದ್ದರು. ಕಾಕಾ ನಡೆದೇ ಬಂದ್ರು, ಅಂತ. ಅವರ ಜೊತೆ ತಾನೂ ನಗುತ್ತಿದ್ದ. ಮನೆಗೆ ಬಂದ ಮೇಲೆ ಮಾತ್ರ ಅವತ್ತು ಅವನಿಗೆ ಹಸಿವಿರುತ್ತಿರಲಿಲ್ಲ.

"ಒಮ್ಮೆ ಆ ಗಿಡಾ ದಾಟಬೇಕು. ಸೈಕಲ್ ಮ್ಯಾಲನ ಕೆಳಗ ಹೋಗಬೇಕು. ಆಮ್ಯಾಲ ಸೈಕಲ್ ಮಾರಿದ್ರೂ ಅಡ್ಡಿಯಿಲ್ಲ," ಎಂದು ನನ್ನ ಹತ್ತಿರ ಹೇಳಿಕೊಂಡಿದ್ದ.

ಆಗ ಬಂತು ಬೂಟು. ಅಂಗೈಯಂತೆ ಚಪ್ಪಟೆ ತಳ, ಅದಕ್ಕೆ ಮೆತ್ತನೆಯ ರಬ್ಬರು.

ಅಪ್ಪ ತಿರುಗಿಸಿ ತಿರುಗಿಸಿ ನೋಡಿದ. "ನಾ ಸಾಲ್ಯಾಗ ಪಿಟಿಗೆ ಹಾಕ್ಕೋತಿದ್ದೆ. ಸೇಮ್ ಇದ."

"ಅಣ್ಣಾ, ನಿನಗ ತಿಳಿಯೂದಿಲ್ಲ ಬಿಡು. ಈ ರಬ್ಬರ್ ಬ್ಯಾರೇನ. ಪೆಡಲ್ಲಿನ ಹಲ್ಲು ಇದರಾಗ ಹೊಕ್ಕು ಕೂಡತದ. ಹಿಡೀತದ, ಬಿಡೂದಿಲ್ಲ."

ರಬ್ಬರು ಮೆತ್ತಗಿದ್ದಷ್ಟೂ ಚೆನ್ನಾಗಿ ಹಿಡಿಯುತ್ತದಂತೆ. ಮೆತ್ತಗಿದ್ದಷ್ಟೂ ಬೇಗ ಸವೆಯುತ್ತದಂತೆ. ಎಲ್ಲರೂ ಇದನ್ನು ಕೇಳಿ 'ಹೌದಾ' ಅಂದು ಸುಮ್ಮನಾಗುತ್ತಾರೆ. ನಮ್ಮ ಕಾಕಾ ಒಂದು ನಿರ್ಧಾರಕ್ಕೆ ಬಂದ: ಭೋರ್ ಗುಡ್ಡ ಇಳಿಯುವತನಕ ಈ ಬೂಟು ಪೆಡಲ್ಲನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದು. ಡಾಂಬರು ಬೇಡ, ಫರಸಿ ಕಲ್ಲಿನ ನೆಲ ಬೇಡ, ಮಣ್ಣಂತೂ ಬೇಡವೇ ಬೇಡ.

ಮೊದಲ ಜಗಳ ಅಜ್ಜಿಯ ಜೊತೆಗಾಯಿತು. ಹೊರಗಿನ ಚಪ್ಪಲಿ ಹೊಸ್ತಿಲು ದಾಟಿದರೆ ಅಜ್ಜಿ ಮನೆಯನ್ನಷ್ಟೇ ಅಲ್ಲ, ದಾಟಿಸಿದವರನ್ನೂ ತೊಳೆಯುತ್ತಾಳೆ. ಕಾಕಾ ಬೂಟು ಎದೆಗವಚಿಕೊಂಡು ಸೀದಾ ಅಡುಗೆಮನೆಗೆ ನುಗ್ಗಿದ.

"ಏ, ಕಾಲಾಗಿಂದು ಒಳಗ ತರ್ತಿಯೇನೋ?"

"ಅವ್ವಾ, ಇದು ನೆಲಾನ ಮುಟ್ಟಿಲ್ಲ. ನೆಲಾ ಮುಟ್ಟದ್ದು ಮೈಲಿಗಿ ಹ್ಯಾಂಗ ಆಗತದ? ನೀನ ಹೇಳು."

ಅಜ್ಜಿ ಬೂಟನ್ನು ಮಗುಚಿ ತಳ ನೋಡಿದಳು, ಬೆರಳಿನಿಂದ ಉಜ್ಜಿಯೂ ನೋಡಿದಳು. ಕೊನೆಗೆ "ದೇವರ ಜಗಲಿ ಮ್ಯಾಲ ಇಡಬ್ಯಾಡ ಮತ್ತ" ಅಂದಳು. ಹಾಗೆ ಬೂಟಿಗೆ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಜಾಗ ಸಿಕ್ಕಿತು. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ರೊಟ್ಟಿ ಬಡಿಯುವವರನ್ನು ಬೂಟು ಕೂತು ನೋಡುತ್ತದೆ, ಹೇಳಿ?

ಗುಡ್ಡದ ಸೈಕಲ್ಲಿಗೆ ಸ್ಟ್ಯಾಂಡ್ ಇರುವುದಿಲ್ಲ. ಕಾಕಾ ಅಂತೂ ಬೂಟುಗಾಲು ಊರುವವನಲ್ಲ. ಹಾಗಾದರೆ ನಿಲ್ಲುವುದು ಹೇಗೆ? ಕಟ್ಟೆ, ಕಂಬ, ನಿಂತ ಲಾರಿ, ಏನು ಸಿಕ್ಕರೆ ಅದನ್ನು ಅಪ್ಪಿಕೊಂಡು ನಿಲ್ಲುತ್ತಿದ್ದ. ಏನೂ ಸಿಗದ ಕಡೆ ನಾನು. ನನ್ನ ಅಣ್ಣನ ಹಳೇ ಸೈಕಲ್ಲಿನಲ್ಲಿ ಹಿಂದೆ ಹೋಗುವುದು, ಕಾಕಾ "ಸ್ಟ್ಯಾಂಡ್!" ಎಂದು ಕೂಗಿದ ಕೂಡಲೇ ಜಿಗಿದು ಅವನನ್ನು ಹಿಡಿದುಕೊಳ್ಳುವುದು. ಹತ್ತನೇ ಕ್ಲಾಸಿನಲ್ಲಿ ಒಳ್ಳೇ ಮಾರ್ಕ್ಸ್ ತೆಗೆದ ಹುಡುಗಿಗೆ ಸಿಕ್ಕ ನೌಕರಿ ಇದು.

ಒಂದು ರವಿವಾರ ಕಾತ್ರಜ್ ಚೌಕಿನ ಸಿಗ್ನಲ್ಲಿನಲ್ಲಿ ನಾನು ಹಿಂದುಳಿದೆ. ಕಾಕಾ ಪಕ್ಕದ ರಿಕ್ಷಾದ ಚಾವಣಿ ಹಿಡಿದು ನಿಂತ. ರಿಕ್ಷಾದವ ತಲೆ ಹೊರಹಾಕಿ "ಕಾಕಾ, ಪಾಯ್ ನಾಹೀತ್ ಕಾ?" ಅಂದ. ಕಾಲಿಲ್ಲವೇನು, ಅಂತ.

"ಆಹೇತ್, ಪಣ್ ನವೀನ್ ಆಹೇತ್," ಅಂದ ಕಾಕಾ. ಇವೆ, ಆದರೆ ಹೊಸವು.

ರಿಕ್ಷಾದವ ಈ ಉತ್ತರದ ಬಗ್ಗೆ ಎಷ್ಟು ಆಳವಾಗಿ ಯೋಚಿಸುತ್ತಿದ್ದನೆಂದರೆ, ಹಸಿರು ದೀಪ ಬಂದಾಗ ಕಾಕಾನನ್ನೂ ಎಳೆದುಕೊಂಡೇ ಹೋದ. ನಾನು ಉಪ್ಪುಖಾರ ಹಚ್ಚಿ ಹೇಳುತ್ತೇನೆಂದು ಮನೆಯಲ್ಲಿ ನನ್ನ ಮೇಲೊಂದು ಅಪವಾದವಿದೆ. ಇರಲಿ, ಸಾತಾರಾ ತನಕ ಎಳೆದುಕೊಂಡು ಹೋದ ಅಂತೇನೂ ನಾನು ಹೇಳುತ್ತಿಲ್ಲವಲ್ಲ.

ಚಳಿಗಾಲ ಬಂತು. ಸೈಕಲ್ಲುಗಳನ್ನೆಲ್ಲ ಟೆಂಪೋದಲ್ಲಿ ಹೇರಿ ಭೋರ್‌ಗೆ ಹೋದೆವು. ಕಾಕಾ ತೊಡೆಯ ಮೇಲೆ ಬೂಟಿನ ಚೀಲ ಇಟ್ಟುಕೊಂಡು ಮದುಮಗನಂತೆ ಕೂತಿದ್ದ. ಗುಡ್ಡದ ತುದಿಯಲ್ಲಿ ಹುಡುಗರೆಲ್ಲ ಹೋ ಎಂದು ಇಳಿದುಹೋದರು. ನಾನೂ ಸ್ವಲ್ಪ ಮುಂದೆ ಹೋಗಿ, ಮರದ ಕೆಳಗೆ ನಿಂತು ಕಾಕಾ ಇಳಿಯುವುದನ್ನು ವಿಡಿಯೋ ಮಾಡಬೇಕೆಂದು ಮಾತಾಗಿತ್ತು. ಕಾಕಾ ಬರಿಗಾಲಲ್ಲಿ ಒಂದು ಬಂಡೆ ಹತ್ತಿ, ಅಲ್ಲೇ ಕೂತು ಬೂಟು ಕಟ್ಟಿ, ಬಂಡೆಯಿಂದ ಸೀದಾ ಪೆಡಲ್ಲಿಗೆ ಕಾಲಿಟ್ಟ.

"ಕಾಕಾ, ಹೆದರಿಕಿ ಆಗಾಕತ್ತದೇನು?"

"ನೀ ಮೊದಲ ಹೋಗು. ನಾ ಈ ಕಲ್ಲ ಹಿಡಕೊಂಡು ನಿಂತಿರ್ತೀನಿ."

ಹೋದೆ. ನಿಂತುಕೊಂಡು ವಿಡಿಯೋ ಮಾಡುವುದು ಯಾರಿಗೆ ಬರುವುದಿಲ್ಲ ಹೇಳಿ? ನಾನು ಒಂದೇ ಕೈಯಲ್ಲಿ ಸೈಕಲ್ಲು ಹಿಡಿದು, ಇನ್ನೊಂದರಲ್ಲಿ ಫೋನು ಹಿಡಿದು, ಮರ ದಾಟಿ ಕಲ್ಲಿಗಿಳಿದೆ. ಮುಂದಿನದು ವಿಡಿಯೋದಲ್ಲಿದೆ: ಸ್ವಲ್ಪ ಆಕಾಶ, ಸ್ವಲ್ಪ ಮುಳ್ಳಿನ ಕಂಟಿ, ನನ್ನ ಚೀರಾಟ, ಮತ್ತೆ ಆಕಾಶ.

ಕಾಲು ಸೈಕಲ್ಲಿಗೂ ಕಲ್ಲಿಗೂ ನಡುವೆ ಸಿಕ್ಕಿಕೊಂಡಿತ್ತು. ತಲೆ ಎತ್ತಿ ನೋಡಿದರೆ ಮೇಲಿನಿಂದ ಕಾಕಾ ಬರುತ್ತಿದ್ದ. ಮರ ಬಂತು. ಮರ ಹೋಯಿತು. ಸೈಕಲ್ಲು ಕಲ್ಲಿನಿಂದ ಕಲ್ಲಿಗೆ ಹಾರುತ್ತಿತ್ತು, ಕಾಲು ಮಾತ್ರ ಪೆಡಲ್ಲಿಗೆ ಅಂಟಿಸಿದಂತೆ ಕೂತಿತ್ತು. ನೋವಿನಲ್ಲೂ ನನಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು. ಇನ್ನೊಂದು ತಿರುವು ದಾಟಿದರೆ ಕೆಳಗೆ ಹುಡುಗರು ಕಾಣುತ್ತಿದ್ದರು.

ಅಷ್ಟರಲ್ಲಿ ಅವನಿಗೆ ನಾನು ಕಂಡೆ.

ಎರಡೂ ಕಾಲು ಊರಿಬಿಟ್ಟ. ರಬ್ಬರು ಕಲ್ಲಿಗೆ ಉಜ್ಜಿ ಹರಿಯುವ ಸದ್ದು ಕೇಳಿಸಿತು. ಸೈಕಲ್ಲನ್ನು ಅಲ್ಲೇ ಕೆಡವಿ ಓಡಿ ಬಂದ.

"ಬೆರಳ ಅಳ್ಳಾಡಸು. ಅಳ್ಳಾಡತಾವ? ಹಾಂ, ಬಾ, ಬೆನ್ನ ಮ್ಯಾಲ ಹತ್ತು."

"ಕಾಕಾ, ಬೂಟು..."

"ಬೂಟಿಂದ ಆಮ್ಯಾಲ. ಕೊಳ್ಳ ಗಟ್ಟಿ ಹಿಡಕೋ."

"ಜಾರೂದಿಲ್ಲಲ್ಲ?"

"ಹಿಡೀತದ," ಅಂದ ಕಾಕಾ ಏದುಸಿರು ಬಿಡುತ್ತ. "ಬಿಡೂದಿಲ್ಲ."

ನಮ್ಮನ್ನು ಕಂಡು ಹುಡುಗರು ಚಹಾದ ಕಪ್ಪು ಬಿಟ್ಟು ಎದ್ದರು. ಆ ಸಲ ಯಾರೂ ಹಾಡಲಿಲ್ಲ.

ಡಾಕ್ಟರು ನನ್ನ ಕಾಲಿಗೆ ಪ್ಲಾಸ್ಟರ್ ಹಾಕಿದರು. ಮನೆಯ ಮೆಟ್ಟಿಲ ಹತ್ತಿರ ಕಾಕಾ ಹೆಗಲು ಕೊಟ್ಟು "ಇವತ್ತ ನಾ ಸ್ಟ್ಯಾಂಡ್" ಅಂದ. ಮೇಲೆ ಬಂದು, ಬಾಗಿಲ ಹೊರಗೆ ನಮ್ಮೆಲ್ಲರ ಚಪ್ಪಲಿಗಳ ನಡುವೆ ಬೂಟು ಬಿಚ್ಚಿ ಹಾಗೇ ಬಿಟ್ಟ. ಒಂದರ ಮುಂದಿನ ರಬ್ಬರು ಕಿತ್ತು ನಾಲಿಗೆಯಂತೆ ಜೋತಾಡುತ್ತಿತ್ತು.

"ಊಟಾ ಮಾಡ್ರಿ," ಅಂದಳು ಅಮ್ಮ.

"ಹಸಿವಿಲ್ಲ ವೈನಿ," ಅಂದ ಕಾಕಾ ಅತ್ತಿಗೆಗೆ.

ನಾನು ಅಜ್ಜಿಗೆ ಎಲ್ಲ ಹೇಳಿದೆ. ಈ ಸಲ ಉಪ್ಪುಖಾರ ಹಚ್ಚಲಿಲ್ಲ. ಗಿಡ ದಾಟಿದ್ದ, ಸೈಕಲ್ಲಿನ ಮೇಲೇ ಇದ್ದ, ನನ್ನ ಸಲುವಾಗಿ ಇಳಿದ. ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದು ಹೊರಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಬೂಟಿತ್ತು. ತಳದಲ್ಲಿ ಸಿಕ್ಕಿದ್ದ ಹರಳುಗಳನ್ನು ತಲೆಯ ಪಿನ್ನಿನಿಂದ ಒಂದೊಂದಾಗಿ ಕಿತ್ತಳು, ಒದ್ದೆ ಬಟ್ಟೆಯಿಂದ ಒರೆಸಿದಳು, ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಮೇಲೆ ಜೋಡಿಸಿ ಇಟ್ಟಳು.

ಕಾಕಾ ಗಾಬರಿಯಾಗಿ ಎದ್ದು ನಿಂತ. "ಅವ್ವಾ, ಅವು ನೆಲಾ ಮುಟ್ಟ್ಯಾವ."

"ಗೊತ್ತದ," ಅಂದಳು ಅಜ್ಜಿ. "ಅದಕ್ಕ ಒಳಗ ತಂದೀನಿ. ಬಾ, ಉಣ್ಣು."